ಯಾವ ಗಾಜಿಗೆ ಯಾವ ಪೆನ್ನು

ರೈಲು ನಿಲ್ದಾಣದ ಎದುರಿನ ಸುರಂಗದೊಳಗೆ ನನ್ನ ಅಂಗಡಿ,
ನಿಲ್ಲಿಸಿದ ಬೀರುವಿನಷ್ಟು ಅಗಲ.
ಎಡಕ್ಕೆ ಕಾಲುಚೀಲ ಮಾರುವ ಜುಜುನಾ,
ಬಲಕ್ಕೆ ಒಲೆಯ ಗೋಡೆಗೆ ಬಡಿದು ಸುಟ್ಟ ರೊಟ್ಟಿ,
ತಲೆಯ ಮೇಲೆ ಇಡೀ ತ್ಬಿಲಿಸಿ ನಡೆದಾಡುತ್ತದೆ.

ಜನ ಬಂದು ಕೇಳುವುದು ಒಂದೇ:
'ಈ ಪೆನ್ನು ಇದಕ್ಕೆ ಆಗುತ್ತದಾ?'
ನಾನು ಹೇಳುವುದೂ ಒಂದೇ: 'ಮೊದಲು ಗಾಜು ತೋರಿಸಿ.'
ಕೆಲವು ಪೆನ್ನಿಗೆ ಹೊಟ್ಟೆಯಲ್ಲಿ ಬ್ಯಾಟರಿ, ಒಂದು ಗುಟ್ಟಿನ ಭಾಷೆ,
ತನ್ನ ಕಂಪನಿಯ ಗಾಜಿನ ಮುಂದೆ ಮಾತ್ರ ಬಾಯಿ ಬಿಡುತ್ತದೆ.
ಮಿಕ್ಕವು ಬಡವರ ಪೆನ್ನು, ರಬ್ಬರಿನ ಮೂತಿ,
ಕಂಡ ಕಂಡ ಗಾಜಿಗೆಲ್ಲ ಮುತ್ತಿಡುತ್ತವೆ,
ಗೆರೆ ಮಾತ್ರ ದಪ್ಪ, ಗಂಜಿ ಸೌಟಿನಲ್ಲಿ ಬರೆದ ಹಾಗೆ.
ಒಂದನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಬೋರ್ಡು ಹಾಕಿದ್ದೇನೆ.

ಫೆಬ್ರವರಿಯ ಒಂದು ಮಂಗಳವಾರ
ಚಿಯಾತುರಾದಿಂದ ಬಂದ ಮುರ್ಮಾನ್.
ಮ್ಯಾಂಗನೀಸ್ ಗಣಿ. ತೊಂಬತ್ತನಾಲ್ಕು. ಅದಿರಿನ ತೊಟ್ಟಿ ತೂಗುವ ಹಗ್ಗ.
ಇಷ್ಟೇ ಹೇಳಿ ಬಲದ ಕೈಗವಸು ತೆಗೆದ.
ಚರ್ಮದ ಬಣ್ಣದ ಪ್ಲಾಸ್ಟಿಕ್ಕು,
ಯಾರದೋ ಚರ್ಮದ ಬಣ್ಣ, ಅವನದಲ್ಲ.
ಬೆರಳುಗಳ ನಡುವೆ ತಂಗಿಯ ಮಗಳು ಕೊಟ್ಟ ಬಿಳಿ ಪೆನ್ನು,
ಅವಳ ಟ್ಯಾಬ್ಲೆಟ್ಟಿನ ಜೊತೆ ಬಂದದ್ದು, ದುಬಾರಿಯದು.
'ಬ್ಯಾಂಕಿನಲ್ಲಿ ಈಗ ಕಾಗದವಿಲ್ಲ. ಗಾಜಿನ ಮೇಲೆ ಸಹಿ.
ಗಾಜಿನ ಪಾಲಿಗೆ ನಾನು ಇಲ್ಲ.'

ಎಡಗೈಯಲ್ಲಿ ಹಾಕಬಹುದಿತ್ತಲ್ಲ,
ಕೇಳಿದೆ, ಕೇಳಬಾರದಿತ್ತು.
'ಹಾಕಿದೆ. ಹುಡುಗಿ ಹಳೆಯ ಸಹಿ ತೆಗೆದು ಪಕ್ಕದಲ್ಲಿಟ್ಟಳು.
ನನ್ನ ಹೆಸರನ್ನು ಯಾರೋ ಕದ್ದ ಹಾಗೆ ಕಂಡಿತು.
ಮೂವತ್ತು ವರ್ಷ ಈ ಕೊರಡಿಗೆ ಪೆನ್ನು ಹಿಡಿಯಲು ಕಲಿಸಿದ್ದೇನೆ,
ಕಾಗದ ಎಂದೂ ತಕರಾರು ಮಾಡಿರಲಿಲ್ಲ.'

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ.
ಇಲ್ಲಿ ಕನ್ನಡಿಯೇ ಅಂಗೈ ಕೇಳುತ್ತಿದೆ.

ಹೇಗೆ ಹೇಳಲಿ,
ಗಾಜಿಗೆ ಕಣ್ಣಿಲ್ಲ, ಎಷ್ಟು ಒತ್ತಿದರೂ ನೋವಿಲ್ಲ,
ತನ್ನ ಚೂರು ವಿದ್ಯುತ್ತನ್ನು ಇಳಿಬಿಡಲು ಒಂದು ಮೈ ಬೇಕು ಅದಕ್ಕೆ,
ಉಪ್ಪುನೀರು ತುಂಬಿದ ಮೈ.
ಸಾಸೇಜಿನ ತುಂಡಿಗೂ ತೆರೆದುಕೊಳ್ಳುತ್ತದೆ,
ಮುರ್ಮಾನನಿಗಿಲ್ಲ.
'ಈ ಬಿಳಿ ಪೆನ್ನಿಗೆ ಬ್ಯಾಂಕಿನ ಗಾಜು ಸೊಪ್ಪು ಹಾಕುವುದಿಲ್ಲ,' ಅಂದೆ,
'ಇದು ಬೇರೆ ಮನೆಯದು.'

ರಬ್ಬರು ಮೂತಿಯದೊಂದು ತೆಗೆದೆ,
ಸತ್ತ ಚಾರ್ಜರಿನ ಹೊಟ್ಟೆಯಿಂದ ತಾಮ್ರದ ಎಳೆ ಬಿಡಿಸಿದೆ,
ಪೆನ್ನಿನ ಕುತ್ತಿಗೆಗೆ ಏಳು ಸುತ್ತು,
ಪ್ಲಾಸ್ಟಿಕ್ಕು ಬೆರಳಿನ ಮೇಲಿಂದ, ಮಣಿಕಟ್ಟಿನ ಮೇಲಿಂದ,
ಅಂಗಿಯ ತೋಳಿನೊಳಗೆ, ಮೊಣಕೈಯ ಹತ್ತಿರ
ಅವನು ನಿಜವಾಗಿ ಶುರುವಾಗುವ ಜಾಗದವರೆಗೆ.
ಅಲ್ಲಿ ಚಾಕಲೇಟಿನ ಬೆಳ್ಳಿ ಕಾಗದ ಇಟ್ಟು ಪಟ್ಟಿ ಅಂಟಿಸಿದೆ.
'ತಣ್ಣಗಿದೆ,' ಅಂದ.

ರಿಪೇರಿಗೆ ಬಂದು ಯಾರೂ ಒಯ್ಯದ ಟ್ಯಾಬ್ಲೆಟ್ಟೊಂದನ್ನು ಮುಂದಿಟ್ಟೆ.
ಜುಜುನಾ ಕಾಲುಚೀಲ ಬಿಟ್ಟು ಬಂದಳು.
ಮೊದಲ ಸಲ ಏನಿಲ್ಲ. ಎರಡನೆಯದೂ ಇಲ್ಲ.
ಪಟ್ಟಿಯ ಕೆಳಗೆ ಚರ್ಮ ತೀರಾ ಒಣಗಿತ್ತು.
ಬೆರಳಿಗೆ ಉಗುಳು ಹಚ್ಚಿ ಒದ್ದೆ ಮಾಡಿದೆ,
ಕ್ಷಮಿಸಿ ಅಂತ ಕೂಡ ಅನ್ನಲಿಲ್ಲ.

ಆಮೇಲೆ ಒಂದು ಗೆರೆ.
ನಮ್ಮ ಲಿಪಿಯಲ್ಲಿ ನೆಟ್ಟಗೆ ನಿಲ್ಲುವ ಅಕ್ಷರ ಕಡಿಮೆ,
ದ್ರಾಕ್ಷಿ ಬಳ್ಳಿಯ ಹಾಗೆ ಬಾಗಿ ಕೊಂಡಿಯಾಗುತ್ತವೆ.
ಬಾಗಿತು. ಕೊನೆಯಲ್ಲಿ ಒಂದು ಉದ್ದ ಬಾಲ.
'ಇದೇ,' ಅಂದ. 'ಬಾಲ ಇದೇ.'
ಅದರ ಮೇಲೆ ಇನ್ನೊಂದು ಸಹಿ, ಅದರ ಮೇಲೆ ಮತ್ತೊಂದು,
ಗೆರೆಯೊಳಗೆ ಗೆರೆ ಸಿಕ್ಕಿ ಹೆಸರೇ ಕಾಣದ ಹಾಗೆ.
ಟ್ಯಾಬ್ಲೆಟ್ಟಿನ ಬ್ಯಾಟರಿ ಮೊದಲೇ ಸೋತದ್ದು,
ಆರಿಹೋಯಿತು. ಅವನು ಬರೆಯುತ್ತಲೇ ಇದ್ದ.

ಬ್ಯಾಂಕು ಐದಕ್ಕೆ ಮುಚ್ಚುತ್ತದೆ.
ತಂತಿ ತೋಳಿನೊಳಗೇ ಇಟ್ಟುಕೊಂಡು ಮೆಟ್ಟಿಲು ಹತ್ತಿದ.
ಬಿಳಿ ಪೆನ್ನು ನನ್ನ ಮೇಜಿನ ಮೇಲೆ.
ಕೂಗಿದೆ. ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಆವತ್ತಿಂದ ಅಂಗಡಿಗೆ ಬರುವ ಒಂದೊಂದು ಗಾಜಿಗೂ
ಅದನ್ನೊಮ್ಮೆ ಮುಟ್ಟಿಸಿ ನೋಡುತ್ತೇನೆ.
ಇನ್ನೂ ಯಾವುದೂ ಹೂಂ ಅಂದಿಲ್ಲ.